ಕಪಿಲಾ, ಕಾವೇರಿ ಎರಡೂ ಆರಿದ್ದ ಹನ್ನೊಂದು ನಿಮಿಷ

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಸುದ್ದಿಗಳನ್ನು ನಾನು ಎಷ್ಟೋ ಸಲ ಕಸದ ಬುಟ್ಟಿಗೆ ಹಾಕಿದ್ದೇನೆ. ಇಬ್ಬರಾದರೂ ಸಾಕ್ಷಿ ಹೇಳದ್ದನ್ನು ಅಚ್ಚು ಮಾಡಬಾರದೆಂದು ಕಲಿತವನು ನಾನು. ಈ ಘಟನೆಗೆ ಮೂವರು ಸಾಕ್ಷಿಗಳಿದ್ದೆವು. ಆದರೂ ಬರೆದಿರಲಿಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಮ್ಮ ಸಣ್ಣ ದಿನಪತ್ರಿಕೆಯ ಕಚೇರಿಯೂ ಅಚ್ಚುಮನೆಯೂ ಇದ್ದವು. ಸರ್ವರ್ ನೋಡಿಕೊಳ್ಳುತ್ತಿದ್ದವನು ನರಸೀಪುರದ ಸಿದ್ದರಾಜು. ಎರಡು ಕಂಪ್ಯೂಟರ್ ಪೆಟ್ಟಿಗೆಗಳಿಗೆ, ತನ್ನೂರಿನಲ್ಲಿ ಕೂಡುವ ಹೊಳೆಗಳಂತೆ, ಕಪಿಲಾ, ಕಾವೇರಿ ಎಂದು ಹೆಸರಿಟ್ಟಿದ್ದ. ಎರಡಕ್ಕೂ ಸೇರಿದ ಫೈಲುಗಳಿರುವ ಮೂರನೆಯದು ಸಂಗಮ. ನಮ್ಮ ಸರ್ವರ್ ಎಂಬುದು ಪೆಟ್ಟಿಗೆಯಲ್ಲ, ಪೆಟ್ಟಿಗೆಯೊಳಗೆ ಓಡುವ ಬರೀ ಸಾಫ್ಟ್‌ವೇರ್. ಓಡುತ್ತಿರುವಾಗಲೇ ಅದನ್ನು ಕಪಿಲಾದಿಂದ ಕಾವೇರಿಗೆ ದಾಟಿಸಬಹುದು, ಟೈಪ್ ಮಾಡುವವರಿಗೆ ತಿಳಿಯುವುದೂ ಇಲ್ಲ. ಆದರೆ ಎರಡರಲ್ಲೊಂದು ಚಾಲೂ ಇರಲೇಬೇಕು, ಬರೀ ಉಗ್ರಾಣವಾದ ಸಂಗಮದಲ್ಲಿ ಅದು ಓಡದು.

ಆ ವರ್ಷ ಎರಡು ಸಲ ಸರ್ವರ್ ನಿಂತು ಪತ್ರಿಕೆ ತಡವಾಗಿತ್ತು. ಇನ್ನೊಮ್ಮೆ ನಿಂತರೆ ಮನೆಗೆ ಹೋಗು ಎಂದು ಮಾಲೀಕರು ಎಲ್ಲರೆದುರು ಸಿದ್ದರಾಜುವಿಗೆ ಹೇಳಿದ್ದರು. ಅವನ ದುಡಿಮೆಯಲ್ಲೇ ಇಬ್ಬರು ತಂಗಿಯರು ಓದುತ್ತಿದ್ದರು.

ಅಂದು ಆಯುಧಪೂಜೆ. ದೊಡ್ಡ ಪತ್ರಿಕೆಗಳಿಗೆ ರಜೆ. ಅವು ಬಾರದ ಮಾರನೆಯ ದಿನವೇ ನಮ್ಮದು ಹೆಚ್ಚು ಮಾರುತ್ತಿತ್ತು, ಹಾಗಾಗಿ ನಮಗೆ ರಜೆಯಿಲ್ಲ. ಆದರೆ ಅಚ್ಚುಮನೆಯ ಹಿರಿಯರಾದ ಮಹದೇವಪ್ಪನವರದೊಂದು ನಿಯಮವಿತ್ತು: ನಿಲ್ಲಿಸದ ಯಂತ್ರಕ್ಕೆ ಪೂಜೆಯಿಲ್ಲ. ಸಿದ್ದರಾಜು ಬೆಳಿಗ್ಗೆ ಸರ್ವರನ್ನು ಕಾವೇರಿಗೆ ದಾಟಿಸಿ, ಕಪಿಲಾ ಆರಿಸಿ, ವೈರು ಕಿತ್ತುಕೊಟ್ಟ. ಅದರ ಪೂಜೆ ಆಯಿತು. ಮತ್ತೆ ಕಪಿಲಾ ಚಾಲೂ ಮಾಡಿ, ಸರ್ವರನ್ನು ಅಲ್ಲಿಗೆ ದಾಟಿಸಿದ ಮೇಲೆ ಕಾವೇರಿಯ ಸರದಿ. ಆದರೆ ಕಪಿಲಾಕ್ಕೆ ಮತ್ತೆ ವೈರು ಸಿಕ್ಕಿಸುವ ಮೊದಲೇ ಮಾಲೀಕರ ಕಾರು ಬಂತು. ಚಕ್ರಕ್ಕೆ ನಿಂಬೆಹಣ್ಣು ಇಡಲು ಅವನನ್ನು ಕರೆದರು.

ಮರಳಿ ಬಂದವನ ಕೂಗು ಗಾಜಿನ ಗೋಡೆಯಾಚೆ ಕೂತಿದ್ದ ನನಗೆ ಕೇಳಿಸಿತು.

"ಅಣ್ಣೋ, ಅದ್ಯಾಕೆ ಕಿತ್ತಾಕ್ಬುಟ್ರಿ?"

"ಅಲ್ಲ ಕಣ್ಲಾ, ಒಬ್ಬಳಿಗೆ ಊವ ಮುಡ್ಸಿ ಇನ್ನೊಬ್ಬಳ ಅಂಗೇ ಕೂರ್ಸಾಕಾಯ್ತದಾ? ನೀನು ಬರೋಗಂಟ ಮಂಗಳಾರತಿ ಕಾಯ್ತದಾ?" ಎಂದರು ಮಹದೇವಪ್ಪ.

"ನನ್ ಕೆಲ್ಸ ಓಯ್ತು."

ಎದ್ದು ನೋಡಿದೆ. ಎರಡೂ ವೈರು ನೆಲದ ಮೇಲಿದ್ದವು. ಕುಂಕುಮ ಹಚ್ಚಿದ ಪೆಟ್ಟಿಗೆಗಳಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಆದರೆ ನಾನು ಅಲ್ಲಿಯವರೆಗೆ ಟೈಪ್ ಮಾಡುತ್ತಲೇ ಇದ್ದೆ. ನರಸೀಪುರದ ಹೊಳೆಯಲ್ಲಿ ಮುಳುಗಿದವನೊಬ್ಬನ ಸುದ್ದಿ. ನನ್ನ ಮೇಜಿನ ಮೇಲಿದ್ದದ್ದು ಬರೀ ಪರದೆ, ಪುಟವಿದ್ದದ್ದು ಸರ್ವರಿನಲ್ಲಿ. ಕೂತು ಇನ್ನೊಂದು ಪದ ಒತ್ತಿದೆ. ಮೂಡಿತು.

"ಸಿದ್ದರಾಜು, ಇಲ್ಲಿ ನಡೀತಾ ಇದೆ," ಎಂದೆ.

"ತಮಾಸೆ ಮಾಡ್ಬೇಡಿ ಸಾ." ಬಂದು ನೋಡಿದ. ತಾನೇ ಎರಡು ಅಕ್ಷರ ಒತ್ತಿ, ಅವು ಮೂಡಿದ್ದು ಕಂಡು ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಓಡಿಹೋಗಿ ಕಾವೇರಿಗೆ ವೈರು ಸಿಕ್ಕಿಸಿದ.

ಸರ್ವರಿನ ಓಡಾಟವನ್ನು ಬರೆದಿಡುವ ಬೇರೊಂದು ಕಂಪ್ಯೂಟರಿತ್ತು. ಇಬ್ಬರೂ ನೋಡಿದೆವು. ಕಾವೇರಿಯಿಂದ ಹೊರಟಿತು ಎಂದೊಂದು ಸಾಲು. ಹೋದದ್ದೆಲ್ಲಿಗೆ ಎಂಬ ಜಾಗ ಖಾಲಿ. ಹನ್ನೊಂದು ನಿಮಿಷದ ನಂತರ, ಕಾವೇರಿಗೆ ಬಂತು ಎಂದು ಮತ್ತೊಂದು ಸಾಲು. ನಿಂತಿತು ಎಂದು ಎಲ್ಲೂ ಇರಲಿಲ್ಲ.

ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಬಂತು. ಸಿದ್ದರಾಜುವಿನ ಕೆಲಸ ಉಳಿಯಿತು. ಆ ಕೆಲಸಕ್ಕೆ ಕುತ್ತು ಬಾರದಿರಲೆಂದು ನಾನು ಮಾಲೀಕರಿಗೆ ಏನೂ ಹೇಳಲಿಲ್ಲ. ಆದರೆ ಹದಿನೈದು ದಿನಕ್ಕೆ ಸಿದ್ದರಾಜು ತಾನಾಗಿಯೇ ಬಿಟ್ಟ. ತಂಗಿಯರ ನೆನಪು ಮಾಡಿ ತಡೆಯಲು ನೋಡಿದೆ.

"ನಡೆಸ್ತಿರೋದು ನಾನಲ್ಲ ಅಂದ್ಮೇಲೆ ಸಂಬಳ ಎಂಗ್ ಈಸ್ಕೊಳ್ಲಿ ಸಾ?" ಎಂದ.

ಬಲ್ಲವರನ್ನು ಕೇಳಿದ್ದೇನೆ. ಅಕ್ಷರಗಳು ನಿಮ್ಮ ಮೇಜಿನಲ್ಲೇ ಉಳಿದಿರಬೇಕು ಎಂದರು. ನಂಬಲು ನಾನೂ ಯತ್ನಿಸಿದೆ. ಆದರೆ ಅದೇ ಹೊತ್ತಿನಲ್ಲಿ ಪಕ್ಕದ ಮೇಜಿನವರು, ನಮ್ಮ ಮೂರನೆಯ ಸಾಕ್ಷಿ, ತಮ್ಮ ಪರದೆಯಲ್ಲಿ ನನ್ನ ಪುಟ ತೆರೆದು ಊರಿನ ಹೆಸರೊಂದನ್ನು ತಿದ್ದಿದ್ದರು.

ಆ ಆಯುಧಪೂಜೆಯ ಮಾರನೆಯ ದಿನದ ಪತ್ರಿಕೆಯ ತುಣುಕು ನನ್ನ ಬಳಿ ಇದೆ. ಎರಡೂ ಪೆಟ್ಟಿಗೆ ಆರಿದ್ದಾಗ ನಾನು ಬರೆದ ಸಾಲು ಅದರ ಕೊನೆಯಲ್ಲಿದೆ: ಶವ ಇನ್ನೂ ಪತ್ತೆಯಾಗಿಲ್ಲ. ಅದನ್ನು ಒತ್ತುವಾಗ ಆ ಅಕ್ಷರಗಳನ್ನು ಒಂದೊಂದಾಗಿ ಯಾವುದು ಇಸಿದುಕೊಳ್ಳುತ್ತಿತ್ತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.