ನಾಲ್ಕು ಗಂಟೆಯ ಸಾಲು

ಲಾಂಚ್ ಜೆಟ್ಟಿಯ ಸೈಕಲ್ ಸ್ಟ್ಯಾಂಡಿನಲ್ಲಿ ಇನ್ನೂರು ಸೈಕಲ್ಲಿಗೆ ಜಾಗವಿದೆ ಎಂದು ನಗರಸಭೆಯ ಬೋರ್ಡು ಹೇಳುತ್ತದೆ. ಬೋರ್ಡು ಬರೆಸಿದವರಿಗೆ ಸೈಕಲ್ ನಿಲ್ಲಿಸಲು ಬರುತ್ತಿರಲಿಲ್ಲ ಎಂಬುದು ಸುಣ್ಣದಕ್ಕನ ಅಭಿಪ್ರಾಯ. ಅವಳ ಕೈಯಲ್ಲಿ ಅದೇ ಜಾಗದಲ್ಲಿ ಮುನ್ನೂರ ನಲವತ್ತು ನಿಲ್ಲುತ್ತಿದ್ದವು. ಒಂದರ ಮುಖ ಆಚೆ, ಪಕ್ಕದ್ದರ ಮುಖ ಈಚೆ. ಒಂದರ ಹ್ಯಾಂಡಲ್ಲಿನ ಕೆಳಗೆ ಇನ್ನೊಂದರ ಸೀಟು ತೂರಿಸಿ, ಪೆಡಲುಗಳನ್ನು ಹೊಂದಿಸಿ, ಕೊನೆಗೆ ಮೊಣಕಾಲಿನಿಂದ ಒಂದು ಒತ್ತು. ಅಷ್ಟಾದ ಮೇಲೆ ಆ ಸಾಲಿನಲ್ಲಿ ಬೆರಳು ತೂರಿಸಲೂ ಸಂದಿ ಇರುತ್ತಿರಲಿಲ್ಲ.

ಅವಳನ್ನು ಮೊದಲು ಸುಣ್ಣದಕ್ಕ ಎಂದು ಕರೆದವನು ಹಗ್ಗದಣ್ಣ. ಲಾಂಚ್ ದಡಕ್ಕೆ ಬರುವಾಗ ಹಗ್ಗ ಎಸೆದು ಕಂಬಕ್ಕೆ ಬಿಗಿಯುವುದು ಅವನ ಕೆಲಸ. ಲಾಂಚಿನೊಳಗೆ ಸೈಕಲ್ ಬಿಡುವುದಿಲ್ಲವಾದ್ದರಿಂದ ದ್ವೀಪ ನೋಡಲು ಬಂದವರೆಲ್ಲ ಸೈಕಲ್ಲನ್ನು ಇವಳ ಬಳಿ ಬಿಟ್ಟು ಹೋಗಬೇಕು. ಇವಳು ಒಬ್ಬೊಬ್ಬರನ್ನೂ ನಿಲ್ಲಿಸಿ, "ವಾಪಸ್ ಯಾವ ಲಾಂಚಿಗೆ?" ಎಂದು ಕೇಳುವಳು. ಹನ್ನೆರಡು, ಎರಡು, ನಾಲ್ಕು, ಆರು, ಅವರು ಹೇಳಿದ ಗಂಟೆಯನ್ನು ಹಿಂದಿನ ಟಯರಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುವಳು. ಬೇಗ ಬರುವವರದು ಹೊರಗೆ, ತಡವಾಗಿ ಬರುವವರದು ಒಳಗೆ. ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ ಜನರ ಬೈಗುಳ ತಿಂದೂ ತಿಂದೂ ತಾನೇ ಕಂಡುಕೊಂಡ ದಾರಿ.

"ಸುಣ್ಣದಕ್ಕ, ನಮ್ಮನೆಯವಳ ಬೆನ್ನ ಮೇಲೂ ಒಂದು ನಂಬರು ಬರೆದುಬಿಡಿ. ತವರಿಗೆ ಹೋದ್ರೆ ಯಾವಾಗ ವಾಪಸ್ ಅಂತಾದ್ರೂ ಗೊತ್ತಾಗುತ್ತೆ" ಎನ್ನುತ್ತಿದ್ದ ಹಗ್ಗದಣ್ಣ.

"ಮೊದಲು ನಿಮ್ಮ ಬೆನ್ನು ತೋರಿಸಿ. ಅವರೂ ಅದನ್ನೇ ಕೇಳ್ತಿರ್ತಾರೆ."

ಅವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಲಾಂಚ್ ಇನ್ನೂ ನೂರು ಮಾರು ದೂರವಿರುವಾಗಲೇ ಅವನ ಮಾತು ದಡ ಮುಟ್ಟಿರುತ್ತಿತ್ತು. ಅದನ್ನು ಕೇಳಿಕೊಂಡೇ ಇವಳು ಹನ್ನೆರಡರ ಸಾಲನ್ನು ಬಿಡಿಸಲು ಶುರುಮಾಡುತ್ತಿದ್ದಳು.

ಸ್ಟ್ಯಾಂಡಿನ ನಡುವೆ, ರಸ್ತೆಯಿಂದ ಜೆಟ್ಟಿಯ ಅಂಚಿನವರೆಗೆ, ಹಳದಿ ಗೆರೆ ಎಳೆದ ಒಂದು ದಾರಿಯಿತ್ತು. ಆಂಬುಲೆನ್ಸಿಗೆಂದು ಬಿಟ್ಟದ್ದು. ಒಂಬತ್ತು ವರ್ಷದಲ್ಲಿ ಆಂಬುಲೆನ್ಸ್ ಬಂದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಡ್ರೈವರ್ ದಾರಿ ತಪ್ಪಿ ಬಂದಿದ್ದ. ಹಾಗಿದ್ದರೂ ಅವಳು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಗೆರೆಯ ಮೇಲೆ ಒಂದು ಚಕ್ರ ಬಿದ್ದರೂ, "ಅದೇನು ನಿಮ್ಮ ಹಜಾರವಾ?" ಎಂದು ಗದರುತ್ತಿದ್ದಳು.

ಆ ಭಾನುವಾರ ಮಾತ್ರ ಅವಳ ಲೆಕ್ಕ ಕೈಕೊಟ್ಟಿತು. ರಜೆಯ ಜನ. ಬೆಳಿಗ್ಗೆ ಹತ್ತಕ್ಕೇ ಮುನ್ನೂರ ನಲವತ್ತು ತುಂಬಿತ್ತು, ರಸ್ತೆಯಲ್ಲಿ ಇನ್ನೂ ಬರುತ್ತಲೇ ಇದ್ದರು. ಬಂದವರು ಟಿಕೆಟ್ ಕಿಟಕಿಯ ಮುಂದೆ, ಮೆಟ್ಟಿಲ ಮೇಲೆ, ಮರದ ಬುಡದಲ್ಲಿ ಸೈಕಲ್ ಒರಗಿಸಿ ಓಡುತ್ತಿದ್ದರು. ಟಿಕೆಟ್ ಗುಮಾಸ್ತ ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ಏನಾದ್ರೂ ಮಾಡಿ, ನನ್ನ ಕಿಟಕಿಗೇ ಜನ ಬರೋಕಾಗ್ತಿಲ್ಲ. ನಿಮ್ಮ ಕೈಲಿ ಆಗದ್ದು ಇನ್ಯಾರ ಕೈಲಿ ಆಗುತ್ತೆ?" ಎಂದ.

ಆ ಕೊನೆಯ ಮಾತು ಅವಳ ತಲೆಗೇರಿತು. ಹೊಗಳಿಕೆ ಅಭ್ಯಾಸವಿಲ್ಲದವರಿಗೆ ಸ್ವಲ್ಪವೇ ಸಾಕು. ಹಳದಿ ದಾರಿಯನ್ನು ನೋಡಿದಳು. ನಾಲ್ಕು ಗಂಟೆಯ ಲಾಂಚಿಗೆ ವಾಪಸ್ಸಾಗುವವರೇ ಹೆಚ್ಚು. ಬರೀ ನಾಲ್ಕರವನ್ನೇ ಇಲ್ಲಿ ಜೋಡಿಸಿದರೆ ನಾಲ್ಕರವರೆಗೆ ಯಾರೂ ಮುಟ್ಟುವುದಿಲ್ಲ, ನಾಲ್ಕಕ್ಕೆ ಸಾಲು ತಾನಾಗಿಯೇ ಖಾಲಿ. ಎಷ್ಟು ಸೊಗಸಾದ ಲೆಕ್ಕ! ದಾರಿಯ ಉದ್ದಕ್ಕೂ ಅರವತ್ತೆರಡು ಸೈಕಲ್ಲುಗಳನ್ನು ತಲೆ-ಬಾಲ ಮಾಡಿ ನಿಲ್ಲಿಸಿದಳು. ಅರವತ್ತೆರಡು ಟಯರಿನ ಮೇಲೂ ನಾಲ್ಕು, ನಾಲ್ಕು, ನಾಲ್ಕು. ಕೊನೆಯಲ್ಲಿ ಬಂದ ಒಂದು ಹುಡುಗ-ಹುಡುಗಿಯ ಜೋಡಿ ಗೆರೆ ನೋಡಿ ಅನುಮಾನಿಸಿತು.

"ಇಲ್ಲಿ ಇಡಬಹುದಾ ಆಂಟಿ?" ಎಂದು ಹುಡುಗಿ ಕೇಳಿದಳು.

"ನಾನು ಹೇಳ್ತಿದೀನಲ್ಲ, ಇಡಿ" ಎಂದಳು ಸುಣ್ಣದಕ್ಕ.

ಹನ್ನೆರಡೂ ಮುಕ್ಕಾಲಿಗೆ ದ್ವೀಪದಿಂದ ಬಂದ ಲಾಂಚ್ ಉದ್ದಕ್ಕೂ ಹಾರ್ನ್ ಬಾರಿಸುತ್ತಲೇ ಬಂತು. ಅಂದು ಹಗ್ಗ ಎಸೆದವನು ಲಾಂಚಿನ ಡ್ರೈವರ್. ಹಗ್ಗದಣ್ಣ ಲಾಂಚಿನ ನೆಲದ ಮೇಲೆ ಬಿದ್ದಿದ್ದ, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ದ್ವೀಪದಿಂದಲೇ ಫೋನು ಮಾಡಿದ್ದರು, ಆಂಬುಲೆನ್ಸ್ ಆಗಲೇ ರಸ್ತೆಯಲ್ಲಿ ನಿಂತು ಕೂಗುತ್ತಿತ್ತು. ಇಬ್ಬರು ಅವನನ್ನು ಲಾಂಚಿನ ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹತ್ತು ಹೆಜ್ಜೆ ಬಂದರು. ಮುಂದೆ ಸೈಕಲ್ಲಿನ ಗೋಡೆ.

ಸ್ಟ್ರೆಚರನ್ನು ನೆಲಕ್ಕಿಳಿಸಿದರು. ಸುಣ್ಣದಕ್ಕ ಓಡಿಬಂದು ಮೊದಲ ಸೈಕಲ್ಲಿಗೆ ಕೈ ಹಾಕಿದಳು. ಬರಲಿಲ್ಲ. ಸಾಲನ್ನು ರಸ್ತೆಯ ತುದಿಯಿಂದ ಮಾತ್ರ ಬಿಡಿಸಲು ಬರುತ್ತದೆ, ಅವಳು ಕಟ್ಟಿದ್ದೇ ಹಾಗೆ. ಸ್ಟ್ರೆಚರು ಹಿಡಿಸದ ಪಕ್ಕದ ಸಂದಿಯಲ್ಲಿ ಸುತ್ತುಹಾಕಿ ಆ ತುದಿಗೆ ಓಡಿದಳು. ಒಂದು, ಎರಡು, ಐದು, ಎಂಟು. ಯಾರೋ ಸಹಾಯಕ್ಕೆಂದು ನಡುವಿನಿಂದ ಎಳೆದರು, ಪೆಡಲು ಚಕ್ರದ ಕಡ್ಡಿಗೆ ಸಿಕ್ಕಿಕೊಂಡು ಹತ್ತಾರು ಸೈಕಲ್ ಒಟ್ಟಿಗೆ ಮಗುಚಿದವು. ಆಮೇಲೆ ಎಳೆದದ್ದು, ಎತ್ತಿದ್ದು, ಬಿಸಾಡಿದ್ದು. ಅಂಗೈ ಹರಿದು ರಕ್ತ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಹನ್ನೊಂದು ನಿಮಿಷ ಹಗ್ಗದಣ್ಣ ಆ ಟಯರುಗಳ ಪಕ್ಕದಲ್ಲೇ, ಟಯರಿನ ಎತ್ತರದಲ್ಲೇ, ಮುಖ ಅತ್ತ ಹೊರಳಿಸಿಕೊಂಡು ಮಲಗಿದ್ದ. ಕಣ್ಣು ತೆರೆದಿತ್ತು.

"ಇಂಥದಕ್ಕೆ ಒಂದೊಂದು ನಿಮಿಷಾನೂ ಲೆಕ್ಕ ಕಣಮ್ಮ" ಎಂದ ಆಂಬುಲೆನ್ಸ್ ಡ್ರೈವರ್ ಬಾಗಿಲು ಹಾಕಿಕೊಳ್ಳುತ್ತ. ಅವಳನ್ನು ಬೈಯಲಿಲ್ಲ. ಜನರೆಲ್ಲ ಆಗಲೇ ಪ್ರವಾಸಿಗರನ್ನು ಬೈಯಲು ಶುರುಮಾಡಿದ್ದರು. ಆಂಬುಲೆನ್ಸಿನ ದಾರಿಯಲ್ಲಿ ಸೈಕಲ್ ಇಟ್ಟು ಹೋಗ್ತಾರಲ್ಲ, ಮನುಷ್ಯರಾ ಇವರು?

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ಮುಂದೆ ಅವಳು ಮಾಡಿದ್ದನ್ನು ಬರೀ ತಪ್ಪು ಎಂದು ಕರೆಯಲು ನನಗೆ ಮನಸ್ಸಿಲ್ಲ. ನಗರಸಭೆಯ ಇನ್ಸ್‌ಪೆಕ್ಟರ್ ಬರುತ್ತಿದ್ದಾರೆ ಎಂದು ಗುಮಾಸ್ತ ಕೂಗಿ ಹೇಳಿದ. ಸುಣ್ಣದಕ್ಕ ಬಕೆಟ್ಟಿನಲ್ಲಿ ಚಿಂದಿ ಬಟ್ಟೆ ಅದ್ದಿದಳು. ಬಿದ್ದಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತ, ಎತ್ತುವ ನೆಪದಲ್ಲೇ ಟಯರು ಒರೆಸುತ್ತ ಹೋದಳು. ನೋಡಿದವರಿಗೆ, ಪಾಪ, ಇನ್ನೊಬ್ಬರ ಸೈಕಲ್ಲಿನ ಧೂಳನ್ನೂ ಒರೆಸುತ್ತಿದ್ದಾಳೆ ಎನ್ನಿಸಿರಬೇಕು. ಅರವತ್ತೆರಡನ್ನೂ ಒರೆಸಿದಳು. ಒಂದನ್ನೂ ಮರೆಯಲಿಲ್ಲ.

ಅದೇ ಲಾಂಚಿನಲ್ಲಿ, ಬೇಗ ವಾಪಸ್ಸಾಗಿದ್ದ ಆ ಜೋಡಿ ಇನ್ಸ್‌ಪೆಕ್ಟರ್ ಕೈಗೆ ಸಿಕ್ಕಿತು. "ಇವರೇ ಇಡೋಕೆ ಹೇಳಿದ್ದು ಸಾರ್" ಎಂದು ಹುಡುಗಿ ಕೈ ತೋರಿಸಿದಳು. "ಬೇಕಾದ್ರೆ ನೋಡಿ, ಟಯರ್ ಮೇಲೆ ನಂಬರ್ ಬರೆದಿದಾರೆ." ಬಗ್ಗಿದಳು. ಚಕ್ರ ತಿರುಗಿಸಿದಳು. ಮತ್ತೊಂದು ಸಲ ತಿರುಗಿಸಿದಳು. ಟಯರು ಒದ್ದೆಯಾಗಿತ್ತು, ಅಷ್ಟೇ. ಮಳೆಯಿಲ್ಲದ ದಿನ ಟಯರೇಕೆ ಒದ್ದೆ ಎಂದು ಯಾರೂ ಕೇಳಲಿಲ್ಲ.

"ಹೌದೇನಮ್ಮಾ?" ಎಂದರು ಇನ್ಸ್‌ಪೆಕ್ಟರ್.

ಸುಣ್ಣದಕ್ಕ ನೆಲ ನೋಡಿದಳು. ಇಲ್ಲವೆಂದೂ ಹೇಳಲಿಲ್ಲ, ಹೌದೆಂದೂ ಹೇಳಲಿಲ್ಲ. ರಕ್ತದ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆ ಅಂಗೈಯೇ ಅವಳ ಪರವಾಗಿ ಸುಳ್ಳು ಹೇಳಿತು. "ಆಯಮ್ಮನ್ನ ಯಾಕೆ ಸಾರ್ ಕೇಳ್ತೀರಿ? ಒಂಬತ್ತು ವರ್ಷದಿಂದ ಆ ಗೆರೆ ಕಾಯ್ತಿದಾರೆ" ಎಂದರು ಸುತ್ತಲಿದ್ದವರು. ಹುಡುಗಿ ಅಳಲು ಶುರುಮಾಡಿದಳು. ಯಾರೋ ಫೋಟೊ ತೆಗೆದರು.

ಮರುದಿನ ಪತ್ರಿಕೆಯಲ್ಲಿ ಆ ಫೋಟೊ ಬಂತು. 'ಆಂಬುಲೆನ್ಸ್ ದಾರಿಗೆ ಅಡ್ಡ ನಿಂತ ಮೋಜು' ಎಂದು ತಲೆಬರಹ, ಕೆಳಗೆ ರಕ್ತದ ಕೈಯಲ್ಲಿ ಸೈಕಲ್ ಎಳೆದ ಸುಣ್ಣದಕ್ಕನ ಸುದ್ದಿ. ಮನೆಯಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದರು. ಇಪ್ಪತ್ತಾರು ವರ್ಷದಲ್ಲಿ ಸೊಸೆಯ ಒಂದು ಕೆಲಸಕ್ಕೂ ತಲೆದೂಗದ ಹೆಂಗಸು. ಅವತ್ತು ಸೊಸೆಯ ಅಂಗೈಗೆ ತಾವೇ ಮುಲಾಮು ಹಚ್ಚಿ, "ನಮ್ಮ ಮನೆ ಹೆಣ್ಣುಮಗಳು ಅಂದ್ರೆ ಹೀಗಿರಬೇಕು" ಎಂದರು. ಮಗನಿಗೂ ಓದಿ ಹೇಳಿದರು. ಮಾತು ಕಡಿಮೆಯ ಆ ಗಂಡ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಊಟ ಮಾಡು" ಎಂದಷ್ಟೇ ಹೇಳಿದ. ಅವಳು ತಟ್ಟೆ ಸರಿಸಿ ಎದ್ದಳು. ಈ ನೆಲ ಈಗಲೇ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಟಿಕೆಟ್ ಗುಮಾಸ್ತ ಆ ಫೋಟೊ ಕತ್ತರಿಸಿ ಕಿಟಕಿಯ ಗಾಜಿಗೆ ಅಂಟಿಸಿದ, ಎಲ್ಲರಿಗೂ ಬುದ್ಧಿ ಬರಲಿ ಎಂದು. ಎರಡು ತಿಂಗಳು ಆ ಹುಡುಗಿ ಅಲ್ಲಿ ಅಳುತ್ತಲೇ ಇದ್ದಳು. ಸುಣ್ಣದಕ್ಕ ಟೀ ತರಲು ಹೋಗುವಾಗ ಈಗ ಟಿಕೆಟ್ ಕಚೇರಿಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಹಳದಿ ದಾರಿಯಲ್ಲಿ ಒಂದು ಎಲೆ ಬಿದ್ದರೂ ಗುಡಿಸುತ್ತಿದ್ದಳು. ಗುಡಿಸಿದ್ದಕ್ಕೆ ಜನ ಮತ್ತೆ ಹೊಗಳುತ್ತಿದ್ದರು. ನಾಚಿಕೆಗೆ ಇನ್ನೊಂದು ಪದರ ಬೆಳೆಯುತ್ತಿತ್ತು. ಹಗ್ಗದಣ್ಣನನ್ನು ನೋಡಲು ಆಸ್ಪತ್ರೆಗೆ ಹೋಗಬೇಕೆಂದು ಮೂರು ಸಲ ಹೊರಟಳು, ಮೂರು ಸಲವೂ ಬಸ್ ಸ್ಟಾಪಿನಿಂದ ವಾಪಸ್ಸಾದಳು.

ಕೊನೆಗೆ ಅವನೇ ಬಂದ. ಒಂದು ಮಧ್ಯಾಹ್ನ, ಮೂರೂವರೆಯ ಹೊತ್ತಿಗೆ, ಹೆಂಡತಿಯ ಹೆಗಲು ಹಿಡಿದು ಬಲಗಾಲು ಎಳೆಯುತ್ತ, ನಾಲ್ಕರ ಲಾಂಚಿಗೆ ದ್ವೀಪದ ಮನೆಗೆ ಹೊರಟಿದ್ದ. ಅವನ ಹೆಂಡತಿ ಗಂಡನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ನೇರ ಬಂದು ಸುಣ್ಣದಕ್ಕನ ಎರಡೂ ಕೈ ಹಿಡಿದುಕೊಂಡಳು.

"ಒಬ್ಬರೇ ಅಷ್ಟೂ ಸೈಕಲ್ ಎಳೆದು ಹಾಕಿದ್ರಂತೆ. ಕೈಯೆಲ್ಲ ರಕ್ತ ಆಗಿತ್ತಂತೆ. ನಿಮ್ಮ ಋಣ ನಾನು ಹೇಗೆ ತೀರಿಸ್ಲಿ ಅಕ್ಕ?"

"ಹಾಗೆಲ್ಲ ಹೇಳ್ಬೇಡಿ" ಎಂದಳು ಇವಳು. ಕೈ ಬಿಡಿಸಿಕೊಳ್ಳಲು ನೋಡಿದಳು, ಆಕೆ ಬಿಡಲಿಲ್ಲ.

"ಕಾಲು ಬರುತ್ತೆ ಅಂದಿದಾರೆ ಡಾಕ್ಟ್ರು. ಮಾತು ಮಾತ್ರ ಹೋಯ್ತು. ಒಂದೇ ಒಂದು ಮಾತು ಉಳಿದಿದೆ. ಹಸಿವಾದ್ರೂ ಅದೇ, ಸಿಟ್ಟು ಬಂದ್ರೂ ಅದೇ. ಕೆಲವರಿಗೆ ಹಾಗೆ ಒಂದು ಮಾತು ಅಂಟಿಕೊಳ್ಳುತ್ತಂತೆ, ಅದಕ್ಕೆ ಅರ್ಥ ಹುಡುಕ್ಬೇಡಿ ಅಂದ್ರು. ಆದ್ರೆ ನನ್ನ ಕೈ ಹಿಡ್ಕೊಂಡು ಏನೋ ಹೇಳೋಕೆ ಒದ್ದಾಡ್ತಾರೆ ಅಕ್ಕ. ಇಷ್ಟು ವರ್ಷ ಜೊತೆಗಿದ್ದೋರು ನೀವು. ನಿಮಗೇನಾದ್ರೂ ಗೊತ್ತಾಗುತ್ತಾ ನೋಡಿ."

ಹಗ್ಗದಣ್ಣ ಸುಣ್ಣದಕ್ಕನನ್ನು ನೋಡಿದ. ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ನಾಲ್ಕು" ಎಂದ. "ನಾಲ್ಕು, ನಾಲ್ಕು. ನಾಲ್ಕು."

"ನೋಡಿ, ಇದೇ. ನಮಗಿರೋದು ಇಬ್ರು ಮಕ್ಳು. ನಾಲ್ಕೇನು ಅಂತ ತಲೆ ಕೆಡಿಸ್ಕೊಂಡು ಸಾಕಾಗಿದೆ."

ಸುಣ್ಣದಕ್ಕನಿಗೆ ಗೊತ್ತಾಯಿತು. ಗೊತ್ತಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಡಾಕ್ಟರೇ ಅರ್ಥವಿಲ್ಲ ಎಂದಿದ್ದಾರೆ. ಬಾಯಿಯ ತುದಿಗೆ ಬಂದೂ ಬಿಟ್ಟಿತ್ತು ಆ ಮಾತು. ಆದರೆ ಅವನು ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಇವಳಿಗಾದರೂ ತಿಳಿದೀತು ಎಂದು, ಆಸೆಯಿಂದ.

ಒಂದು ಕೈ ಬಿಡಿಸಿಕೊಂಡು ಜೇಬಿನಿಂದ ಸೀಮೆಸುಣ್ಣ ತೆಗೆದಳು. ಪಕ್ಕದಲ್ಲಿದ್ದ ಸೈಕಲ್ಲಿನ ಟಯರಿನ ಮೇಲೆ 4 ಎಂದು ಬರೆದಳು.

"ಇದು" ಎಂದಳು. "ಅವತ್ತು ಅಡ್ಡ ಇದ್ದದ್ದೆಲ್ಲ ನಾಲ್ಕು ಗಂಟೆ ಲಾಂಚಿನ ಸೈಕಲ್. ಯಾರೋ ಬಂದು ಇಟ್ಟದ್ದಲ್ಲ. ನಾನೇ ಇಡಿಸಿದ್ದು. ನಂಬರ್ ನಾನೇ ಬರೆದದ್ದು. ಇವರು ಪಕ್ಕದಲ್ಲೇ ಮಲಗಿ ನೋಡಿದಾರೆ. ಆಮೇಲೆ ನಾನೇ ಎಲ್ಲ ಅಳಿಸಿದೆ. ಆ ಹುಡುಗಿ ನಿಜಾನೇ ಹೇಳಿದ್ಲು."

ಹಗ್ಗದಣ್ಣ ಆ ಅಂಕೆಯನ್ನು ನೋಡಿ ಜೋರಾಗಿ ಅಳತೊಡಗಿದ. ಎಡಗೈಯಿಂದ ಬೆಂಚು ಬಡಿಯುತ್ತ, ತಲೆ ಆಡಿಸುತ್ತ, ನಾಲ್ಕು ನಾಲ್ಕು ಎನ್ನುತ್ತ ಅತ್ತ. ಎರಡು ತಿಂಗಳ ಮೇಲೆ ಅವನ ಮಾತು ಒಬ್ಬರಿಗೆ ಅರ್ಥವಾಗಿತ್ತು. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಸಂತೋಷವನ್ನು ನೋಡುವುದು ಅವಳಿಂದಾಗಲಿಲ್ಲ.

ಹೆಂಡತಿಯ ಕೈ ಮಾತ್ರ ನಿಧಾನವಾಗಿ ಸಡಿಲವಾಯಿತು. ಆಮೇಲೆ ಕೇಳಿದಳು:

"ಇಟ್ಟಿದ್ದು ಹೋಗ್ಲಿ, ಕೆಲಸದ ಗಡಿಬಿಡೀಲಿ ಆಗುತ್ತೆ. ಅಳಿಸಿದ್ದು ಯಾಕೆ?"

ಸುಣ್ಣದಕ್ಕ ಸೀಮೆಸುಣ್ಣವನ್ನು ಬೆಂಚಿನ ಮೇಲಿಟ್ಟಳು. ಎದ್ದು ಟಿಕೆಟ್ ಕಿಟಕಿಗೆ ನಡೆದಳು. ಎರಡು ತಿಂಗಳಲ್ಲಿ ಮೊದಲ ಸಲ ಮುಂದಿನ ದಾರಿಯಿಂದ. ಟಿಕೆಟ್ಟಿಗೆ ನಿಂತ ಇಪ್ಪತ್ತು ಮೂವತ್ತು ಜನರನ್ನು ದಾಟಿ ಗಾಜಿನ ಮೇಲಿನ ಕಾಗದಕ್ಕೆ ಉಗುರು ಹಾಕಿದಳು. ಅಂಟು ಒಣಗಿತ್ತು, ಚೂರುಚೂರಾಗಿ ಬಂತು.

"ಏನಕ್ಕಾ, ಯಾಕೆ ಕೀಳ್ತಿದೀರಿ?" ಎಂದ ಗುಮಾಸ್ತ.

"ಈ ಹುಡುಗಿ ಸುಳ್ಳು ಹೇಳಿರಲಿಲ್ಲ."

"ಯಾವ ಹುಡುಗಿ?"

ಅವನು ನಿಜವಾಗಿಯೂ ಮರೆತಿದ್ದ. ದಿನವೂ ಕಣ್ಣೆದುರಿದ್ದ ಕಾಗದವನ್ನು ಅವನು ನೋಡುವುದನ್ನೇ ಬಿಟ್ಟಿದ್ದ. ಹಿಂದೆ ಬೆಂಚಿನ ಮೇಲಿಂದ ಹಗ್ಗದಣ್ಣ ಮತ್ತೆ "ನಾಲ್ಕು" ಎಂದು ಕೂಗಿದ. ಸರದಿಯಲ್ಲಿದ್ದವನೊಬ್ಬ ಗಡಿಯಾರ ನೋಡಿಕೊಂಡು, "ಇಲ್ಲ ಯಜಮಾನ್ರೇ, ಇನ್ನೂ ಟೈಮ್ ಇದೆ" ಎಂದು ನಕ್ಕ.

ಸುಣ್ಣದಕ್ಕ ಅವನ ಕಡೆ ತಿರುಗಿದಳು. "ಅವರು ಟೈಮ್ ಹೇಳ್ತಿಲ್ಲ ಅಪ್ಪಾ. ನನ್ನ ತಪ್ಪು ಹೇಳ್ತಿದಾರೆ" ಎಂದು, ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಹೇಳಲು ಶುರುಮಾಡಿದಳು.