ನಾಲಿಗೆಗೆ ಹಚ್ಚಿ ತೋರಿಸಿದ ಪುಡಿ

ನಮ್ಮ ಮನೆಯಲ್ಲಿ ಜಿರಳೆ, ಇರುವೆ, ತಗಣಿಗಳಿಗೆಲ್ಲ ಅಭಯ ಸಿಕ್ಕಿದೆ. ವಿದ್ಯಾನಗರದಲ್ಲಿ ಈ ಮನೆ ಕಟ್ಟಿಸಿದಾಗಿನಿಂದ ನನ್ನ ಹೆಂಡತಿ ಇದನ್ನೇ ಹೇಳಿ ನನ್ನನ್ನು ಹಂಗಿಸುತ್ತಾಳೆ. ಪಕ್ಕದ ಮನೆಯವರು ಅಂಗಡಿಯಿಂದ ಪುಡಿ ತಂದು ಮೂಲೆಮೂಲೆಗೆ ಉದುರಿಸಿ ನಿಶ್ಚಿಂತೆಯಿಂದ ಇರುತ್ತಾರೆ, ನಾವು ಮಾತ್ರ ಕಸಬರಿಗೆ ಹಿಡಿದು ಜಿರಳೆ ಬೆನ್ನಟ್ಟಬೇಕು. ಒಮ್ಮೆ ಅವಳು ನನಗೆ ಹೇಳದೆ ಒಂದು ಪೊಟ್ಟಣ ತರಿಸಿ ಅಡುಗೆಮನೆಯ ಕಪಾಟಿನ ಹಿಂದೆ ಇಟ್ಟಿದ್ದಳು. ಅದು ನನ್ನ ಕಣ್ಣಿಗೆ ಬಿದ್ದದ್ದು ಬೀಗರು ಊಟಕ್ಕೆ ಕುಳಿತಾಗ. ಅವರ ಮುಂದೆಯೇ ಕೂಗಾಡಿ, ಮಾಡಿಟ್ಟ ಅಡುಗೆಯನ್ನೆಲ್ಲ ಚೆಲ್ಲಿಸಿ, ಎಲ್ಲರ ಮರ್ಯಾದೆ ಕಳೆದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮವರಿಗೆಲ್ಲ ಗೊತ್ತು. ಈ ಸಿಟ್ಟಿನ ಕಾರಣವನ್ನು ಮಾತ್ರ ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಡಿಡಿಟಿ ಹೊಡೆಯುವ ಟೋಳಿಯಲ್ಲಿದ್ದೆ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಎರಡು ವರ್ಷ ಧಾರವಾಡದ ಓಣಿಗಳಲ್ಲಿ ಕೆಲಸಕ್ಕೆ ಅಲೆದು, ಕೊನೆಗೆ ಸಿಕ್ಕ ಸರಕಾರಿ ಕೆಲಸ ಅದು. ಮಲೇರಿಯಾ ಓಡಿಸಲು ಹಳ್ಳಿಹಳ್ಳಿಗೆ ಹೋಗಿ ಮನೆಯ ಗೋಡೆಗಳಿಗೆ ಔಷಧ ಹೊಡೆಯುವುದು. ಪೀಪಾಯಿಯ ನೀರಿನಲ್ಲಿ ಬಿಳಿ ಪುಡಿ ಕಲಸಿ, ಪಂಪಿಗೆ ತುಂಬಿ, ಹೆಗಲಿಗೆ ಹಾಕಿಕೊಂಡು ಮನೆಯೊಳಗೆ ನುಗ್ಗುತ್ತಿದ್ದೆವು. ಸಂಜೆಯ ಹೊತ್ತಿಗೆ ರೆಪ್ಪೆಗೂದಲೂ ಬೆಳ್ಳಗಾಗಿರುತ್ತಿತ್ತು. ಕೈ ಮೂಸಿದರೆ ಪುಡಿಯ ವಾಸನೆ, ಬೆಲ್ಲ ತಿಂದರೂ ಅದೇ ವಾಸನೆ.

ಆ ಪುಡಿಯಿಂದ ಚಳಿಜ್ವರ ಇಳಿದದ್ದು ಸುಳ್ಳಲ್ಲ. ಸುಗ್ಗಿಯಲ್ಲಿ ಅರ್ಧ ಊರು ಕಂಬಳಿ ಹೊದ್ದು ನಡುಗುತ್ತ ಬಿದ್ದಿರುತ್ತಿದ್ದ ಹಳ್ಳಿಗಳಲ್ಲಿ ಎರಡು ಸಲ ಔಷಧ ಹೊಡೆದ ಮೇಲೆ ಜನ ಎದ್ದು ಹೊಲಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ. ಅದರ ಜಂಬವೂ ನನಗಿತ್ತು. ಇನ್ನೊಂದು ಜಂಬ ಅದಕ್ಕಿಂತ ದೊಡ್ಡದು. ನಾನು ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ, ಜನ ಮುಟ್ಟಿಸಿಕೊಳ್ಳದ ಮನೆತನದಲ್ಲಿ. ನಮ್ಮಪ್ಪ ಯಾರ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದನೋ ಅಂಥ ಮನೆಗಳ ಪಡಸಾಲೆಗೆ ನಾನು ಖಾಕಿ ಚಡ್ಡಿ ಹಾಕಿಕೊಂಡು ನಡೆದು ಹೋಗುತ್ತಿದ್ದೆ. ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು, ಇಷ್ಟು ಕೋಣೆಗಳಲ್ಲಿ ಇಷ್ಟಕ್ಕೆ ಹೊಡೆದಿದೆ ಎಂದು ಗುರುತು ಹಾಕುತ್ತಿದ್ದವನೂ ನಾನೇ. ನಮ್ಮ ಟೋಳಿಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೊಂದೇ.

ಜನ ಮೊದಮೊದಲು ಹೆದರುತ್ತಿದ್ದರು. ಇದು ವಿಷ, ಕೂಸು ಕುನ್ನಿ ಸತ್ತಾವು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಕೂಡ ವಾದ ಮಾಡಿ ಮಾಡಿ ಸಾಕಾಗಿ ನಾನೊಂದು ಉಪಾಯ ಕಂಡುಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿ. ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು, ಬೆರಳಿನಿಂದ ನಾಲಿಗೆಗೆ ಹಚ್ಚಿ, ಚಪ್ಪರಿಸಿ ತೋರಿಸುತ್ತಿದ್ದೆ. ಮನುಷ್ಯರಿಗೆ ಏನೂ ಆಗೂದಿಲ್ಲರಿ, ನೋಡ್ರಿ ಎನ್ನುತ್ತಿದ್ದೆ. ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು, ಬಾಗಿಲು ತೆರೆಯುತ್ತಿದ್ದವು. ಹಿಂದೆ ಹೋಗಿ ನಾನು ಉಗುಳುತ್ತಿದ್ದೆನೆಂಬುದು ಅವರಿಗೆ ಕಾಣುತ್ತಿರಲಿಲ್ಲ.

ಅಮ್ಮಿನಬಾವಿಯ ಆಚೆ ಒಂದು ಎರೆ ಸೀಮೆಯ ಹಳ್ಳಿ. ಅಲ್ಲಿಯ ದೊಡ್ಡ ಮನೆಗೆ ವಾಡೆ ಎನ್ನುತ್ತಿದ್ದರು. ಯಜಮಾನಿಕೆ ಮಾಡುತ್ತಿದ್ದವಳು ಒಬ್ಬ ಮುದುಕಿ. ಗಂಡ ತೀರಿದ್ದ. ಮಗ ಹತ್ತಿ ವ್ಯಾಪಾರಕ್ಕೆಂದು ವಾರದಲ್ಲಿ ನಾಲ್ಕು ದಿನ ಹುಬ್ಬಳ್ಳಿಯಲ್ಲೇ ಇರುತ್ತಿದ್ದ. ಮನೆಯಲ್ಲಿ ಸೊಸೆ ಮತ್ತು ನಾಲ್ಕು ವರ್ಷದ ಒಬ್ಬ ಮೊಮ್ಮಗಳು. ಆ ಮಗು ನನ್ನ ಪಂಪಿನ ಹಿಂದೆಹಿಂದೆಯೇ ಓಡಾಡಿತು. ನಾಲಿಗೆಗೆ ಪುಡಿ ಹಚ್ಚಿದಾಗ ತನಗೂ ಬೇಕೆಂದು ಕೈ ಚಾಚಿತ್ತು. ಮುದುಕಿಯೂ ನಕ್ಕಳು.

ಪಡಸಾಲೆ, ದನದ ಮನೆ, ಮಲಗುವ ಕೋಣೆಗಳಿಗೆ ಹೊಡೆದಾಯಿತು. ಅಡುಗೆಮನೆಯ ಹೊಸ್ತಿಲ ಬಳಿ ಬಂದಾಗ ಮುದುಕಿ ಅಡ್ಡ ನಿಂತಳು. ನಾನು ಯಾವ ಕೇರಿಯವನೆಂದು ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಬೈಯಲಿಲ್ಲ, ದನಿ ಏರಿಸಲಿಲ್ಲ.

"ಒಳಗ ಬ್ಯಾಡಪಾ. ಆ ಪುಡೀನ ಇಲ್ಲೆ ಕೊಡು, ನಾವ ಹಾಕ್ಕೋತೇವಿ. ಜ್ವಾಳಕ್ಕೂ ನುಸಿ ಬಿದ್ದಾವು" ಎಂದಳು.

ಪುಡಿಯನ್ನು ಯಾರ ಕೈಗೂ ಕೊಡಕೂಡದೆಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಇಂಥ ಮನೆಗಳಲ್ಲಿ ಹೀಗೆಯೇ ನಡೆಯುತ್ತಿತ್ತು. ಅಡುಗೆಮನೆ ಮತ್ತು ದೇವರ ಕೋಣೆಗೆ ನಾವು ಹೋಗುವಂತಿಲ್ಲ, ಸಂಜೆಯೊಳಗೆ ಓಣಿ ಮುಗಿಸದೆ ಬಿಡುವಂತಿಲ್ಲ. ಹಳೆಯ ಪತ್ರಿಕೆಯ ಹಾಳೆಯಲ್ಲಿ ನಾಲ್ಕು ಹಿಡಿ ಪುಡಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದೆ. ಅವಳು ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಒಯ್ದಳು. ಏನಾದರೂ ಮಾಡಿಕೊಳ್ಳಲಿ ಎಂದುಕೊಂಡೆ. ಜೋಳ ಎಂದದ್ದು ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಹೂಂ ಎಂದೆನೇ ಹೊರತು, ಜೋಳಕ್ಕೆ ಹಾಕಬೇಡಿ ಎನ್ನಲಿಲ್ಲ. ಹೊರಗೆ ಬಂದು ಗೋಡೆಯ ಮೇಲೆ ಏಳು ಕೋಣೆಗಳಲ್ಲಿ ಏಳಕ್ಕೂ ಹೊಡೆದಿದೆ ಎಂದು ದುಂಡಗೆ ಬರೆದೆ.

ಹದಿನೈದು ಇಪ್ಪತ್ತು ದಿನ ಕಳೆದಿರಬೇಕು. ನಾವು ಮುಂದಿನ ಹಳ್ಳಿಯಲ್ಲಿದ್ದೆವು. ವಾಡೆಯ ಆಳು ಹುಡುಕಿಕೊಂಡು ಬಂದು, ಮಗುವಿಗೆ ಮತ್ತೆ ಥಂಡಿ ಜ್ವರ ಬಂದಿದೆ, ನೀವು ಔಷಧ ಹೊಡೆದರೂ ಹೀಗೇಕಾಯಿತು, ಗುಳಿಗೆ ತಗೊಂಡು ಬರಬೇಕಂತೆ ಎಂದ. ಮಲೇರಿಯಾ ಗುಳಿಗೆ ಇಟ್ಟುಕೊಂಡು ಸೈಕಲ್ ಮೇಲೆ ಹೋದೆ. ಮಗುವನ್ನು ಪಡಸಾಲೆಗೆ ತಂದು ಮಲಗಿಸಿದ್ದರು, ಮೇಲೆ ಎರಡು ಕಂಬಳಿ. ಕೈಕಾಲು ಕಂಪಿಸುತ್ತಿದ್ದವು. ಕಣ್ಣರೆಪ್ಪೆ ಒಂದೇ ಸಮನೆ ಅದುರುತ್ತಿತ್ತು. ತುಟಿಯ ಮೇಲೆ ಇರುವೆ ಹರಿದಾಡುತ್ತಿವೆ ಎಂದು ಮುಂಜಾನೆಯಿಂದ ಉಜ್ಜಿಕೊಂಡು ಉಜ್ಜಿಕೊಂಡು ಬಾಯಿ ಕೆಂಪು ಮಾಡಿಕೊಂಡಿತ್ತು. ಹಣೆ ಮುಟ್ಟಿ ನೋಡ್ರಿ ಎಂದು ಸೊಸೆಗೆ ಹೇಳಿದೆ, ನಾನು ಮುಟ್ಟುವಂತಿರಲಿಲ್ಲ. ತಣ್ಣಗೈತಿ ಎಂದಳು.

ಜ್ವರವಿಲ್ಲದ ನಡುಕ ನಾನು ಒಮ್ಮೆ ನೋಡಿದ್ದೆ. ನಮ್ಮ ಟೋಳಿಯವನೊಬ್ಬ ದಿನಗಟ್ಟಲೆ ಮೈತುಂಬ ಪುಡಿ ಮೆತ್ತಿಕೊಂಡು, ತೊಳೆಯದ ಕೈಯಿಂದಲೇ ಬುತ್ತಿ ತಿಂದು ಹೀಗೆಯೇ ನಡುಗಿದ್ದ. ಆ ಪುಡಿ ಏನು ಮಾಡಿದಿರಿ ಎಂದು ಮುದುಕಿಯನ್ನು ಕೇಳಿದೆ.

"ಗುಡಾಣದ ಜ್ವಾಳಕ್ಕ ಬೂದಿ ಬೆರಸಿದಂಗ ಬೆರಸೀನಿ. ಹುಳ ಒಂದೂ ಉಳದಿಲ್ಲ ನೋಡು. ಮೊರದಾಗ ಕೇರಿ ಹಸನ ಮಾಡೇ ಬೀಸೇವಿ."

ನಮ್ಮ ಕಡೆ ಕಾಳು ಕೆಡದಂತೆ ಒಲೆಯ ಬೂದಿ ಬೆರೆಸಿಡುವುದು ಹಿಂದಿನಿಂದ ಬಂದ ರೂಢಿ. ಬೀಸುವ ಮುಂದೆ ಮೊರದಲ್ಲಿ ಕೇರಿದರೆ ಬೂದಿ ಹಾರಿ ಹೋಗುತ್ತದೆ, ಉಳಿದರೂ ಯಾರಿಗೂ ಏನೂ ಆಗುವುದಿಲ್ಲ. ಆ ಮುದುಕಿ ಬೂದಿಗೆ ಮಾಡುವುದನ್ನೇ ಈ ಪುಡಿಗೂ ಮಾಡಿದ್ದಳು. ಆದರೆ ಇದು ಗೋಡೆಗೆ ಹತ್ತಿ ಆರು ತಿಂಗಳು ಉಳಿಯಲೆಂದೇ ಮಾಡಿದ ಪುಡಿ. ಕೇರಿದರೆ ಬಿಡುತ್ತದೆಯೇ? ಮಗುವಿನ ತಲೆದೆಸೆಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲಿತ್ತು.

ಆಗಲೇ ಹೇಳಬೇಕಿತ್ತು. ಇದು ಥಂಡಿ ಜ್ವರವಲ್ಲ, ನನ್ನ ಪುಡಿ, ಆ ಬಟ್ಟಲು ತೆಗೆಯಿರಿ ಎನ್ನಬೇಕಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಖಾಕಿ ಅಂಗಿ, ಮನೆಯಲ್ಲಿ ಕಾಯುತ್ತಿದ್ದ ಅವ್ವ, ಕೇರಿಯವನು ವಿಷ ಹಾಕಿದ ಎಂದು ಊರು ಮೈಮೇಲೆ ಬೀಳುವುದು. ಲಗೂನ ಚಕ್ಕಡಿ ಹೂಡಿ ಧಾರವಾಡದ ಡಾಕ್ಟರ ಹತ್ತಿರ ಒಯ್ಯಿರಿ ಎಂದಷ್ಟೇ ಹೇಳಿದೆ. ಹೊರಡುವ ಮುಂಚೆ, ಮಗು ಬರಿಹೊಟ್ಟೆಯಲ್ಲಿರಬಾರದೆಂದು ಸೊಸೆ ಆ ಬಟ್ಟಲಿನಿಂದ ನಾಲ್ಕು ತುತ್ತು ತಿನ್ನಿಸಿದಳು. ನಾನು ಕಟ್ಟೆಯ ಕೆಳಗೆ ನಿಂತು ನೋಡಿದೆ. ಅರ್ಧ ದಾರಿಯಲ್ಲಿ ಸೆಳೆತ ಬಂದು ಮಗು ತೀರಿಕೊಂಡಿತು. ಡಾಕ್ಟರರ ಮನೆ ಮುಟ್ಟಲೇ ಇಲ್ಲ. ಊರಿನವರು ಜ್ವರ ನೆತ್ತಿಗೇರಿತು ಎಂದರು.

ಮೂರನೆಯ ದಿನ ಹೋದೆ. ಧೈರ್ಯ ಬಂದಿತ್ತೆಂದಲ್ಲ. ಸೊಸೆಗೂ ಕೈ ನಡುಗಲು ಹತ್ತಿದೆ ಎಂದು ಆಳು ಹೇಳಿದ್ದ, ಎರಡನೆಯ ಹೆಣ ನನ್ನಿಂದ ಹೊರಲಾಗುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಮುದುಕಿ ಕಂಬಕ್ಕೆ ಒರಗಿ ಕುಳಿತಿದ್ದಳು.

"ನೀನ ನಾಲಿಗಿಗೆ ಹಚಗೊಂಡು ತೋರಿಸಿದ್ದೆಲ್ಲಪಾ" ಎಂದಳು.

ಅವಳು ಚೀರಿ ಬೈದಿದ್ದರೆ, ಆಳುಗಳನ್ನು ಕರೆದು ಹೊಡೆಸಿದ್ದರೆ ನನಗೆ ಹಗುರಾಗುತ್ತಿತ್ತು. ಹೂಂನ್ರಿ ಅವ್ವಾರ, ತಪ್ಪು ನಂದು, ಆ ಜೋಳ ಯಾರೂ ತಿನ್ನಬಾರದು, ತಗ್ಗು ತೋಡಿ ಹುಗಿಸಿಬಿಡ್ರಿ ಎಂದೆ. ಅವಳು ತಲೆಯಾಡಿಸಿದಳು. ಆ ಜೋಳ ಈಗಿಂದೀಗಲೇ ಮನೆಯಿಂದ ಹೊರಗೆ ಹೋಗಬೇಕು ಎಂದು ಆಳಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡು ಹೊರಬಿದ್ದೆ. ಊರ ಹೊರಗೆ ಒಂದು ಬೇವಿನ ಮರದ ಕೆಳಗೆ ಕುಳಿತೆ. ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದೆ.

ಧಾರವಾಡದ ದಾರಿಗೆ ಸೇರಬೇಕಾದರೆ ಆ ಊರಿನ ಕೇರಿಯ ಮುಂದೆ ಹಾಯಬೇಕು. ನಮ್ಮ ಜನದ್ದೇ ಕೇರಿ. ಸೈಕಲ್ ತಳ್ಳಿಕೊಂಡು ಬರುವಾಗ ಮೂರು ನಾಲ್ಕು ಅಂಗಳಗಳಲ್ಲಿ ಹೆಂಗಸರು ಜೋಳ ಕೇರುತ್ತಿದ್ದರು. ಮೊರದಿಂದ ಏಳುತ್ತಿದ್ದ ಧೂಳು ಬೆಳ್ಳಗಿತ್ತು. ವಾಡೆಯ ಆಳು ಚೀಲ ತಂದು ಕೊಟ್ಟು ಹೋದ, ಅವ್ವಾರು ಮೊಮ್ಮಗಳ ಹೆಸರಿನಲ್ಲಿ ಧರ್ಮ ಮಾಡಿದ್ದಾರೆ ಎಂದರು.

ಮುದುಕಿ ದ್ವೇಷದಿಂದ ಕೊಟ್ಟಳೆಂದು ನಾನು ಈಗಲೂ ಹೇಳಲಾರೆ. ಕಾಳು ಚೆಲ್ಲಿದರೆ ಪಾಪ ಬರುತ್ತದೆ. ಹಳಸಿದ್ದು, ಹುಳ ಬಿದ್ದದ್ದು, ಮುಗ್ಗಿದ್ದು, ಎಲ್ಲವೂ ಕೇರಿಗೇ ಬರುತ್ತಿತ್ತು. ಅದನ್ನೆಲ್ಲ ತಿಂದು ನಾವು ಬದುಕಿದ್ದೆವಲ್ಲ? ಇದನ್ನೂ ಅರಗಿಸಿಕೊಳ್ಳುತ್ತಾರೆಂದು ಅವಳು ಎಣಿಸಿರಬೇಕು. ಇಷ್ಟು ತಿಳಿದರೂ ಆ ಮುದುಕಿಯನ್ನು ನಾನು ಕ್ಷಮಿಸಿಲ್ಲ. ನನ್ನನ್ನಂತೂ ಇಲ್ಲವೇ ಇಲ್ಲ.

ಮನೆಮನೆಗೆ ಹೋದೆ. ಜೋಳದಲ್ಲಿ ವಿಷವಿದೆ, ವಾಪಸು ಕೊಡಿ ಎಂದೆ. ಇಬ್ಬರು ಕೊಟ್ಟರು. ಉಳಿದವರು ನಮ್ಮ ಮನೆಯಲ್ಲಿ ಯಾವ ಜೋಳವೂ ಇಲ್ಲ ಎಂದು ಬಾಗಿಲು ಮುಂದೆ ಮಾಡಿದರು. ಕೊಟ್ಟದ್ದನ್ನು ಕಸಿಯಲು ವಾಡೆಯವರೇ ಕಳಿಸಿದ್ದಾರೆಂದು ಅವರ ಎಣಿಕೆ. ನಾನೂ ಕೇರಿಯವನೇ ಎಂದು ಹೇಳಿದರೂ ಖಾಕಿ ನೋಡಿ ನಂಬಲಿಲ್ಲ. ಮುಂದೆ ಆ ಕೇರಿಯಲ್ಲಿ ಯಾರಿಗೆ ವಾಂತಿಯಾಯಿತು, ಯಾರು ನಡುಗಿದರು ಎಂದು ಕೇಳಲು ಯಾರೂ ಹೋಗಲಿಲ್ಲ, ಯಾವ ದಫ್ತರದಲ್ಲೂ ಬರೆಯಲಿಲ್ಲ.

ಕೊನೆಯ ಮನೆಯಲ್ಲಿ ಒಬ್ಬ ತಾಯಿ, ಮೂರು ಹೆಣ್ಣುಮಕ್ಕಳು. ಜೋಳ ಒಡೆದು ನುಚ್ಚು ಮಾಡಿ ಆಗಲೇ ಒಲೆಯ ಮೇಲೆ ಇಟ್ಟಿದ್ದಳು, ಗಡಿಗೆ ಕುದಿಯುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, "ಖರೇ ಇರಬಹುದಣ್ಣಾ. ಇದನ್ನ ಚೆಲ್ಲಿದ್ರ ಒಲಿ ಮ್ಯಾಲೆ ಏನ ಇಡ್ಲಿ?" ಎಂದಳು.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ಅಂಗಿಯ ತುದಿಯಿಂದ ಗಡಿಗೆ ಹಿಡಿದು ಎತ್ತಿ ಹಿತ್ತಲಿಗೆ ಒಯ್ದು ಸುರುವಿದೆ. ಮಕ್ಕಳು ಓಡಿ ಬಂದು ಮಣ್ಣಿನ ಮೇಲಿನ ನುಚ್ಚನ್ನು ಬಾಚಲು ಹತ್ತಿದವು. ಕಾಲಿನಿಂದ ಮಣ್ಣು ಮುಚ್ಚಿದೆ. ಆಮೇಲೆ ಸೈಕಲ್ಲಿಗೆ ಕಟ್ಟಿದ್ದ ನನ್ನ ಬುತ್ತಿಯ ನೆನಪಾಯಿತು. ಮುಂಜಾನೆ ನಮ್ಮವ್ವ ಕಟ್ಟಿಕೊಟ್ಟ ಮೂರು ರೊಟ್ಟಿ, ನಾನು ಮುಟ್ಟಿರಲಿಲ್ಲ. ಬಿಚ್ಚಿ ಎಲ್ಲರಿಗಿಂತ ಸಣ್ಣವಳ ಕೈಯಲ್ಲಿ ಇಟ್ಟೆ. ಅವಳು ಬಾಯಿಗೆ ಇಡಲಿಲ್ಲ. ಮೂಸಿ ನೋಡಿದಳು.

"ಇದಕ್ಕ ಪುಡಿ ಹಾಕಿಲ್ಲೇನ್ರಿ?" ಎಂದಳು.

ಇಲ್ಲವ್ವಾ ಎನ್ನಲು ಬಾಯಿ ತೆರೆದೆ. ಟೋಳಿಯವರೆಲ್ಲ ಮನೆಗೊಂದಿಷ್ಟು ಪುಡಿ ಒಯ್ಯುತ್ತಿದ್ದೆವು. ಹಿಂದಿನ ತಿಂಗಳು ನಾನೂ ತಗಣಿಗೆಂದು ಒಂದು ಪೊಟ್ಟಣ ಒಯ್ದು ಅವ್ವನ ಕೈಗೆ ಕೊಟ್ಟಿದ್ದೆ. ನಮ್ಮ ಮನೆಯಲ್ಲೂ ಜೋಳದ ಗಡಿಗೆಯಿತ್ತು, ನಮ್ಮವ್ವನೂ ಕಾಳಿಗೆ ಬೂದಿ ಬೆರೆಸುವವಳೇ. ಆ ಪುಡಿ ಏನು ಮಾಡಿದೆ ಎಂದು ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮಗುವಿನ ಕೈಯಲ್ಲಿದ್ದ ರೊಟ್ಟಿಯನ್ನು ವಾಪಸು ತೆಗೆದುಕೊಂಡೆ. ಅವಳು ಅಳುವುದು ಕೇಳುತ್ತಿದ್ದರೂ ತಿರುಗಿ ನೋಡದೆ, ಸೈಕಲ್ ಹತ್ತಿ ಮನೆಯ ಕಡೆ ತುಳಿದೆ.