ಬೆವರುವ ಸಮುದ್ರ

ನಿನ್ನೆ ಮಳೆ ಹಿಡಿಯಿತು. ಇವತ್ತು ಮುಂಜಾನೆ ಪಡಸಾಲೆಗೆ ಬಂದರೆ ಗೋಡೆಯ ಮೇಲಿನ ಚಿತ್ರ ಬೆವರಿತ್ತು. ಗಾಜಿನ ಹಿಂದೆ, ಕಾಗದದ ಕೆಳಭಾಗದಲ್ಲಿ, ಹಸಿ ಕಲೆ. ಚಿತ್ರದ ಕಟ್ಟು ಬಿಚ್ಚಿ ನೋಡಿದೆ. ಹಳೆಯ ಕರಿ ಶಾಯಿಯ ವಾಸನೆ, ಅದರ ಬೆನ್ನಿಗೇ ಉಪ್ಪಿನ ವಾಸನೆ... ಸಮುದ್ರವನ್ನು ಕನಸಲ್ಲೂ ಕಾಣದ ಈ ಮಸ್ಕಿಯಲ್ಲಿ. ಇದನ್ನು ಬಿಡಿಸಿದ ಕಾಕಾ ತೀರಿಹೋಗಿ ವರ್ಷಗಳಾದವು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ನಮ್ಮೆಲ್ಲರ ಕೂಡುಮನೆ ಸಿಂಧನೂರಿನಲ್ಲಿ, ಅವನ ನೌಕರಿ ಲಿಂಗಸುಗೂರಿನಲ್ಲಿ. ದಿನಾ ಬಸ್ಸಿನಲ್ಲಿ ಕೂತು ಮಕ್ಕಳ ಮಾಸಪತ್ರಿಕೆಗೆ ಮಾಯಾಲೋಕದ ಕತೆ ಬರೆಯುತ್ತಿದ್ದ, ಅದರ ಚಿತ್ರವನ್ನೂ ತಾನೇ ಬಿಡಿಸುತ್ತಿದ್ದ. ಹಾರುವ ಎತ್ತು, ಹೊಟ್ಟೆಯೊಳಗೆ ಊರು ಇಟ್ಟುಕೊಂಡ ಮೀನು. "ಬಾರಾಣೆ ಸುಳ್ಳು, ನಾಕಾಣೆ ಸಮುದ್ರ," ಎಂದು ಅಪ್ಪ ಅಣಕಿಸುತ್ತಿದ್ದ.

ಸಮುದ್ರ ನಮಗೆ ವರ್ಷಕ್ಕೊಮ್ಮೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದರೆ ಗದ್ದೆ ಕೆಲಸಕ್ಕೂ ಬಿಡುವು. ಆಗ ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಇಡೀ ಮನೆ ಕೆಂಪು ಬಸ್ಸು ಹತ್ತಿ ಕಾರವಾರದ ಕಡೆಯ ಒಂದು ಸಣ್ಣ ಊರಿಗೆ ಹೊರಡುತ್ತಿತ್ತು.

ನನಗೆ ಆಗ ಹತ್ತು ವರ್ಷವಿರಬೇಕು. ಕಾಕಾ ಕಡಲ ತಳದ ರಾಣಿಯ ಕತೆ ಶುರು ಮಾಡಿದ್ದ. "ನಾವು ಸಮುದ್ರ ನೋಡೂದನ್ನ ಎಲ್ಲಾರೂ ಬರದಾರ. ಸಮುದ್ರ ನಮ್ಮನ್ನ ಹೆಂಗ ನೋಡತೈತಿ, ನನಗ ಅದು ಬೇಕು," ಎಂದು ದೂರದ ಒಂದು ಬಂಡೆ ತೋರಿಸಿದ. ಆ ಹೊತ್ತಿನಲ್ಲಿ ಅಲ್ಲಿಗೆ ಹಸಿ ಉಸುಕಿನ ಮೇಲೆ ನಡೆದೇ ಹೋಗಬಹುದಿತ್ತು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ತುರ್ವಿಹಾಳದ ರೈತರ ಮಗಳು. ಕಾಲುವೆ ದಂಡೆಯಲ್ಲಿ ಬೆಳೆದವರು ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಾರೆ. ನೀರು ಕಡ್ಡಿ ಬಿಟ್ಟು ಸರಿದರೆ ಮೇಲೆ ಗೇಟು ಹಾಕಿದ್ದಾರೆ, ಆ ಪಾಳಿ ಮುಗಿಯಿತು ಎಂದೇ ಅರ್ಥ. ಚಿಗವ್ವ ಅಲ್ಲಿಯೂ ಕಡ್ಡಿ ನೆಟ್ಟಳು. ನೀರು ಸರಿಯಿತು.

"ಇಳಿಯಾಕತ್ತೈತಿ. ಮ್ಯಾಲ ಬಂದ್ ಮಾಡ್ಯಾರ. ನಾಳಿತನ ಬರೂದಿಲ್ಲ, ಹೋಗಿ ಬರ್ರಿ," ಅಂದಳು.

ನಮ್ಮಲ್ಲಿ ಯಾರೂ ನಗಲಿಲ್ಲ. ನಮಗೆ ಗೊತ್ತಿದ್ದ ನೀರು ಅದೊಂದೇ. ಕಾಕಾ ತನ್ನ ಪುಟ್ಟ ಮಗಳನ್ನು ಹೆಗಲೇರಿಸಿಕೊಂಡು, ಕಾಗದ, ಶಾಯಿ, ಕುಂಚ ಹಿಡಿದು ಬಂಡೆಗೆ ಹೋದ.

ನಾವು ರೊಟ್ಟಿ ತಿಂದು ಕೈ ತೊಳೆಯಲು ಎದ್ದಾಗ ಕಡ್ಡಿಯ ಬುಡ ತೋಯ್ದಿತ್ತು. ಚಿಗವ್ವ ಅದನ್ನೇ ನೋಡುತ್ತ ನಿಂತಳು. "ಯಾರು ಬಿಟ್ಟರು ಇದನ್ನ?" ಅಂದಳು.

ಕಡ್ಡಿ ಅರ್ಧ ಮುಳುಗಿತು. ನಡೆದು ಹೋಗಿದ್ದ ಉಸುಕೆಲ್ಲ ನೀರಾಯಿತು. ಚಿಗವ್ವ ಎರಡೂ ಕೈ ಎತ್ತಿ ಕೂಗಿದಳು, "ಬರ್ರೀ... ಕೂಸಿನ್ನ ತಗೊಂಡು ಬರ್ರೀ!" ಕಾಕಾ ತಲೆ ಎತ್ತಿ ನೋಡಿದ, ಮತ್ತೆ ಕಾಗದಕ್ಕೆ ಬಾಗಿದ. ಮತ್ತೆ ನೋಡಿದ, ಮತ್ತೆ ಬಾಗಿದ. ಗಾಳಿಗೆ ಕೇಳಿಸುತ್ತಿಲ್ಲ ಎಂದುಕೊಂಡೆವು. ಅಪ್ಪ ನೀರಿಗಿಳಿದವನು ಎದೆಮಟ್ಟಕ್ಕೆ ಬಂದೊಡನೆ ತಿರುಗಿ ಬಂದ. ಈಜು ನಮ್ಮ ಮನೆಯಲ್ಲಿ ಯಾರಿಗೂ ಬಾರದು.

ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ದೋಣಿ ನೂಕಿದ. ಅದು ಬಂಡೆ ಮುಟ್ಟುವ ಹೊತ್ತಿಗೆ ಕಾಕಾ ಮೊಣಕಾಲುದ್ದ ನೀರಲ್ಲಿ ನಿಂತಿದ್ದ, ಕೂಸು ಅವನ ಕೊರಳು ಬಿಗಿದುಕೊಂಡು ಚೀರುತ್ತಿತ್ತು. ದಡಕ್ಕೆ ಬಂದಾಗ ಅವನ ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಕಾಗದ. ಚಿಗವ್ವ ಮಗಳನ್ನು ಕಸಿದುಕೊಂಡಳು, ಕಾಗದವನ್ನೂ ಒಮ್ಮೆ ನೋಡಿದಳು. ಸಿಂಧನೂರು ಮುಟ್ಟುವ ತನಕ ಕೂಸನ್ನು ಮಡಿಲಿಂದ ಇಳಿಸಲಿಲ್ಲ. ಆಮೇಲೆ ನಾವು ಸಮುದ್ರಕ್ಕೆ ಹೋಗಲೂ ಇಲ್ಲ.

ಕತೆ ಅಚ್ಚಾಯಿತು, ಜೊತೆಗೆ ಆ ಚಿತ್ರ. ದಡದಲ್ಲಿ ಎರಡೂ ಕೈ ಎತ್ತಿ, ಬಾಯಿ ತೆರೆದು ನಿಂತ ಹೆಣ್ಣು, ಅವಳ ಕಾಲ ಬಳಿ ನೀರಲ್ಲಿ ಅರ್ಧ ಮುಳುಗಿದ ಕಡ್ಡಿ. ರಾಣಿ ಸಮುದ್ರವನ್ನು ಕರೆಯುತ್ತಿದ್ದಾಳೆ ಎಂದು ಓದಿದವರೆಲ್ಲ ಹೊಗಳಿದರು. ಮೂಲಚಿತ್ರ ಮರಳಿ ಬಂದಾಗ ಚಿಗವ್ವ ಅದಕ್ಕೆ ಕಟ್ಟು ಹಾಕಿಸಿ, ಕಾಕಾ ಬರೆಯಲು ಕೂರುವ ಜಾಗದ ಎದುರಿಗೇ ಮೊಳೆ ಹೊಡೆದಳು. "ದಿನಾ ನೋಡ್ರಿ," ಅಂದಳು.

ಬಂಡೆಯ ಮೇಲೆ ಸಮುದ್ರದ ನೀರಲ್ಲೇ ಕುಂಚ ಅದ್ದಿದ್ದನಲ್ಲ, ಕಾಗದದಲ್ಲಿ ಉಳಿದ ಉಪ್ಪು ತೇವ ಎಳೆದು ಮೊದಲ ಮಳೆಗೇ ಚಿತ್ರ ಬೆವರಿತು. ಅಲ್ಲಿಂದ ಪ್ರತಿ ವರ್ಷ, ಮೋಡ ಕಟ್ಟುವುದಕ್ಕೂ ಮೊದಲೇ ಚಿಗವ್ವ ಗೋಡೆ ನೋಡಿ ಕೂಗುತ್ತಿದ್ದಳು, "ಸಮುದ್ರ ಬೆವರಾಕತ್ತೈತಿ, ಹಪ್ಪಳ ಒಳಗ ತಗೀರಿ!" ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಕಾಕಾ ನಗುತ್ತಿರಲಿಲ್ಲ.

ಅವನು ಹಾಸಿಗೆ ಹಿಡಿದಾಗ ನಾನು ಮಸ್ಕಿಯ ಗಂಡನ ಮನೆಯಿಂದ ನೋಡಲು ಹೋಗಿದ್ದೆ. ಗೋಡೆಯ ಕಡೆಗೇ ನೋಡುತ್ತ ಅವನು ಮೆಲ್ಲಗೆ ಹೇಳಿದ, "ಆಕಿ ಕೂಗಿದ್ದು ನನಗ ಕೇಳಿಸಿತ್ತವ್ವಾ... ಆ ಬಾಯಿ ಭಾಳ ಚಂದ ಮೂಡಾಕತ್ತಿತ್ತು. ಇನ್ನೊಂದು ಗೆರಿ, ಇನ್ನೊಂದು ಗೆರಿ ಅನಕೊಂಡೆ."

ಬಾಗಿಲ ಕಡೆ ನೋಡಿದರೆ ಚಿಗವ್ವ ಗಂಜಿ ಹಿಡಿದು ಅಲ್ಲೇ ನಿಂತಿದ್ದಳು.

"ಗೊತ್ತೈತ್ರಿ," ಅಂದಳು. "ತಲಿ ಎತ್ತಿ ನೋಡಿದ್ರಲ್ಲ." ಪಕ್ಕದಲ್ಲಿ ಕೂತು ಗಂಜಿ ಆರಿಸಿ ಕುಡಿಸಿದಳು.

ಈಗ ಇಬ್ಬರೂ ಇಲ್ಲ. ಕಾಕಾನನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಅಷ್ಟೇ ಅಳುವೂ ಬರುತ್ತದೆ. ಬಂಡೆಯ ಮೇಲಿದ್ದ ಆ ಮಗಳು ಚಿತ್ರವನ್ನು ತಂದು ನನ್ನ ಕೈಗಿಟ್ಟು ಹೋದಳು. "ಅದರಾಗ ಅವ್ವ ಇನ್ನೂ ಕೂಗಾಕತ್ತಾಳಕ್ಕ. ನನಗ ಮನಿಯಾಗ ಇಟಗೊಳ್ಳಾಕ ಆಗೂದಿಲ್ಲ," ಅಂದಳು.

ಅರಿವೆಯಿಂದ ಮೆಲ್ಲಗೆ ಒತ್ತಿ, ಕಟ್ಟು ಕೂಡಿಸಿ, ಚಿತ್ರವನ್ನು ಮತ್ತೆ ಮೊಳೆಗೆ ಹಾಕಿದೆ. ನಮ್ಮ ಮನೆಯಲ್ಲಿ ಹಪ್ಪಳ ಮಾಡುವುದು ನಿಂತು ಎಷ್ಟೋ ಕಾಲವಾಯಿತು. ಆದರೂ ಮಾಳಿಗೆ ಹತ್ತಿ, ಏನಾದರೂ ಹೊರಗೆ ಉಳಿದಿದೆಯೇ ಎಂದು ನೋಡಿ ಬಂದೆ.